ಪಿಕ್‌ಅಪ್ ವಾಹನಕ್ಕೆ ಹೊಸ ಗಾಲಿ: ಅಂದಕ್ಕೆ ಮೊದಲು ಅಳತೆ

ವಾಹನವೆಂದೊಡನೆ ಜನರ ಗಮನವೆಲ್ಲ ಎಂಜಿನ್ನಿನ ಕಡೆಗೆ ಹರಿಯುತ್ತದೆ. ಅದರ ಶಕ್ತಿ ಎಷ್ಟು, ಅದು ಕುಡಿಯುವ ಎಣ್ಣೆ ಎಷ್ಟು ಎಂಬ ವಿಚಾರಣೆ ಎಲ್ಲ ಮನೆಗಳಲ್ಲಿಯೂ ನಡೆಯುತ್ತದೆ. ಆದರೆ ಆ ಶಕ್ತಿಯೆಲ್ಲ ಕೊನೆಗೆ ನೆಲವನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ಜಾಗಗಳಲ್ಲಿ ಮಾತ್ರ. ಓಡಿಸುವವನ ಪ್ರಾಣ, ಜೊತೆಗೆ ಕುಳಿತವರ ಪ್ರಾಣ, ರಸ್ತೆಯ ಬದಿಯಲ್ಲಿ ನಡೆದುಹೋಗುವ ಅಪರಿಚಿತನ ಪ್ರಾಣ, ಈ ಮೂರೂ ಆ ನಾಲ್ಕು ಜಾಗಗಳನ್ನೂ ಅವುಗಳ ಮೇಲೆ ಭಾರ ಹೊತ್ತು ತಿರುಗುವ ಗಾಲಿಗಳನ್ನೂ ನಂಬಿಕೊಂಡಿವೆ. ಹೀಗಿರುವಾಗ ಗಾಲಿಯನ್ನು ಬದಲಾಯಿಸುವುದು ಕಿಟಕಿಯ ಪರದೆ ಬದಲಾಯಿಸಿದಂತಹ ಕೆಲಸವಲ್ಲ.

ಹಿಂಬದಿಯಲ್ಲಿ ತೆರೆದ ತೊಟ್ಟಿಯುಳ್ಳ ಪಿಕ್‌ಅಪ್ ವಾಹನವು ನಮ್ಮ ದೇಶದಲ್ಲಿ ಬಹುಕಾಲ ಹಾಲಿನ ಕ್ಯಾನು, ತರಕಾರಿ ಮೂಟೆ ಹೊರುವ ದುಡಿಮೆಯ ಗಾಡಿಯಾಗಿತ್ತು. 2016ರಲ್ಲಿ ಇಸುಜು ಸಂಸ್ಥೆಯ ವಿ-ಕ್ರಾಸ್, 2022ರಲ್ಲಿ ಬಿಡದಿಯ ಕಾರ್ಖಾನೆಯಲ್ಲಿ ಜೋಡಣೆಗೊಂಡ ಟೊಯೊಟಾ ಹೈಲಕ್ಸ್ ಮಾರುಕಟ್ಟೆಗೆ ಬಂದ ಮೇಲೆ ಅದು ಪ್ರವಾಸಪ್ರಿಯ ಕುಟುಂಬಗಳ ಅಂಗಳಕ್ಕೂ ಬಂದಿತು. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರ ಮನೆಯ ತರುಣರು ಇಂತಹ ಗಾಡಿಯಲ್ಲಿ ಸಹ್ಯಾದ್ರಿಯ ಕೆಮ್ಮಣ್ಣಿನ ದಾರಿಗಳನ್ನು ಹತ್ತುವುದುಂಟು. ಮಳೆಗಾಲದಲ್ಲಿ ಮಲೆನಾಡಿನ ತವರಿನ ತೋಟದವರೆಗೂ ಹೋಗಿಬರುವುದುಂಟು. ಗಾಡಿ ಬಂದ ಕೆಲವು ತಿಂಗಳಿಗೆ ಅಂಗಡಿಯ ಗಾಜಿನ ಹಿಂದೆ ಕಪ್ಪಾಗಿ ಹೊಳೆಯುವ ದಪ್ಪ ಗಾಲಿಗಳು ಅವರ ಕಣ್ಣನ್ನು ಸೆಳೆಯುತ್ತವೆ. ಆ ಆಸೆ ತಪ್ಪಲ್ಲ. ಆದರೆ ಸಾಲ ಕೇಳಲು ಬಂದವನ ಉಡುಪನ್ನು ನೋಡಿ ಯಾವ ಬ್ಯಾಂಕೂ ಹಣ ಕೊಡುವುದಿಲ್ಲ. ಅದು ಅವನ ಲೆಕ್ಕಪತ್ರವನ್ನು ನೋಡುತ್ತದೆ. ಗಾಲಿಗೂ ಅಂತಹುದೇ ಲೆಕ್ಕಪತ್ರವುಂಟು. ಅದು ಗಾಲಿಯ ಮೈಮೇಲೆಯೇ ಅಂಕಿಗಳಲ್ಲಿ ಅಚ್ಚಾಗಿರುತ್ತದೆ. ಅದನ್ನು ಓದಲು ಕಲಿತವನು ಹಣವನ್ನೂ ಉಳಿಸುತ್ತಾನೆ, ಅಪಾಯದಿಂದಲೂ ಪಾರಾಗುತ್ತಾನೆ.

ಮೊದಲು ಟೈರು, ಅನಂತರ ಗಾಲಿ

ಹಳ್ಳ ದಿಣ್ಣೆಗಳ ದಾರಿಯಲ್ಲಿ ಹೆಚ್ಚಿನ ಕೆಲಸ ಮಾಡುವುದು ಟೈರು. ಗಾಲಿಯು ಅದಕ್ಕೆ ಪೀಠ. ಆದ್ದರಿಂದ ಆಯ್ಕೆಯನ್ನು ಟೈರಿನಿಂದಲೇ ಆರಂಭಿಸಬೇಕು. ಹೈಲಕ್ಸ್ ಗಾಡಿಗೆ ಕಾರ್ಖಾನೆಯಿಂದ ಬರುವ ಒಂದು ಟೈರಿನ ಅಳತೆ 265/65 ಆರ್ 17. ಇದರಲ್ಲಿ 265 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂಬುದು ಆ ಅಗಲದ ನೂರಕ್ಕೆ 65ರಷ್ಟು ಟೈರಿನ ಪಕ್ಕೆಯ ಎತ್ತರ, ಅಂದರೆ ಸುಮಾರು 172 ಮಿಲಿಮೀಟರು. 17 ಎಂಬುದು ಗಾಲಿಯ ವ್ಯಾಸ, ಅಂಗುಲಗಳಲ್ಲಿ. ಇವನ್ನು ಕೂಡಿಸಿದರೆ ಟೈರಿನ ಒಟ್ಟು ವ್ಯಾಸ ಸುಮಾರು 776 ಮಿಲಿಮೀಟರು ಆಗುತ್ತದೆ. ಅದೇ ಗಾಡಿಯ ಮೇಲ್ದರ್ಜೆಯ ಆವೃತ್ತಿಗೆ 265/60 ಆರ್ 18 ಟೈರು ಬರುತ್ತದೆ. ಅಲ್ಲಿ ಒಟ್ಟು ವ್ಯಾಸ 775 ಮಿಲಿಮೀಟರು, ಹೆಚ್ಚುಕಡಿಮೆ ಅಷ್ಟೇ. ಆದರೆ ಪಕ್ಕೆಯ ಎತ್ತರ 159 ಮಿಲಿಮೀಟರಿಗೆ ಇಳಿದಿದೆ. ಶೋಕಿಗಾಗಿ 20 ಅಂಗುಲದ ಗಾಲಿ ಹಾಕಿ ಒಟ್ಟು ವ್ಯಾಸವನ್ನು ಹಾಗೆಯೇ ಉಳಿಸಿಕೊಂಡರೆ ಪಕ್ಕೆಗೆ ಉಳಿಯುವುದು ಸುಮಾರು 134 ಮಿಲಿಮೀಟರು ಮಾತ್ರ.

ಈ ಪಕ್ಕೆಯೇ ಕಚ್ಚಾದಾರಿಯಲ್ಲಿ ಗಾಡಿಯ ಮೆತ್ತೆ. ಕಲ್ಲಿನ ಏಟನ್ನು ಅದು ನುಂಗಿಕೊಳ್ಳುತ್ತದೆ. ಮರಳಿನಲ್ಲಿಯೋ ಕೆಸರಿನಲ್ಲಿಯೋ ಸಿಕ್ಕಿದಾಗ ಅನುಭವಿಗಳು ಟೈರಿನ ಗಾಳಿಯನ್ನು ಇಳಿಸುತ್ತಾರೆ. ಆಗ ಟೈರು ಉದ್ದಕ್ಕೆ ಹರಡಿಕೊಂಡು ನೆಲವನ್ನು ಹೆಚ್ಚು ಅಪ್ಪುತ್ತದೆ. ಎತ್ತರದ ಪಕ್ಕೆಯಿದ್ದರೆ ಮಾತ್ರ ಹೀಗೆ ಹರಡಲು ಸಾಧ್ಯ. ಇಲ್ಲವಾದರೆ ಗಾಲಿಯ ಅಂಚೇ ಕಲ್ಲಿಗೆ ಬಡಿಯುತ್ತದೆ. ಹೀಗೆ ಗಾಳಿ ಇಳಿಸಿದಾಗ ನಿಧಾನವಾಗಿಯೇ ಓಡಿಸಬೇಕು, ಡಾಂಬರು ರಸ್ತೆ ಸೇರುವ ಮೊದಲು ಮತ್ತೆ ಪೂರ್ಣ ಗಾಳಿ ತುಂಬಬೇಕು.

ಇದರಿಂದ ಹೊರಡುವ ಮೊದಲ ತೀರ್ಮಾನವು ಅಂಗಡಿಯವರಿಗೆ ಅಷ್ಟು ಪ್ರಿಯವಾಗಲಾರದು. 17 ಅಂಗುಲದ ಒಳ್ಳೆಯ ಗಾಲಿ ಕಾರ್ಖಾನೆಯಿಂದಲೇ ಬಂದಿದ್ದರೆ, ಅದಕ್ಕೆ ಎಲ್ಲ ಬಗೆಯ ನೆಲಕ್ಕೂ ಒಗ್ಗುವ ಆಲ್-ಟೆರೈನ್ ಟೈರು ಹಾಕಿಸಿದರೆ ಬಹುಮಂದಿಗೆ ಸಾಕು. 18 ಅಂಗುಲದಿಂದ 17ಕ್ಕೆ ಇಳಿಯಬೇಕಾದಾಗ, ಹಳೆಯ ಗಾಲಿ ಸೊಟ್ಟಗಾದಾಗ ಇಲ್ಲವೆ ಬಿರುಕು ಬಿಟ್ಟಾಗ ಮಾತ್ರ ಹೊಸ ಗಾಲಿಗೆ ನಿಜವಾದ ಕಾರಣವುಂಟು. ವ್ಯಾಸ ಇಳಿಸುವಾಗ ಒಳಗಿರುವ ಬ್ರೇಕಿನ ಭಾಗಗಳಿಗೆ ಗಾಲಿ ತಾಗುವುದಿಲ್ಲವೆಂಬುದನ್ನು ತಿರುಗಿಸಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಹೊಂದಲೇಬೇಕಾದ ಅಳತೆಗಳು

ವ್ಯಾಸದ ಬಳಿಕ ಬರುವುದು ಗಾಲಿಯ ಅಗಲ. 265/65 ಆರ್ 17 ಟೈರು ಸಾಮಾನ್ಯವಾಗಿ 7.5ರಿಂದ 9.5 ಅಂಗುಲ ಅಗಲದ ಗಾಲಿಯ ಮೇಲೆ ಕೂರಬಲ್ಲುದು. ಕಚ್ಚಾದಾರಿಗೆ ಈ ಮಿತಿಯ ಕಿರಿದಾದ ತುದಿಯೇ ಲೇಸು. ತೀರ ಅಗಲವಾದ ಗಾಲಿಯಲ್ಲಿ ಟೈರು ಎಳೆದು ಕಟ್ಟಿದಂತಾಗಿ ಗಾಲಿಯ ಅಂಚು ಹೊರಗೆ ತೆರೆದುಕೊಳ್ಳುತ್ತದೆ. ಕಲ್ಲಿನ ಏಟು ನೇರವಾಗಿ ಅದಕ್ಕೇ ಬೀಳುತ್ತದೆ.

ಮೂರನೆಯದು ಬೋಲ್ಟುಗಳ ವೃತ್ತ. ಹೈಲಕ್ಸ್ ಗಾಡಿಯ ಪ್ರತಿ ಗಾಲಿಗೆ 6 ಬೋಲ್ಟುಗಳು. ಅವುಗಳ ನಡುಬಿಂದುಗಳನ್ನು ಸೇರಿಸಿ ಎಳೆದ ವೃತ್ತದ ವ್ಯಾಸ 139.7 ಮಿಲಿಮೀಟರು. ಇದನ್ನು 6 × 139.7 ಎಂದು ಬರೆಯುವುದು ವಾಡಿಕೆ. ಇದರಲ್ಲಿ ಹೆಚ್ಚುಕಡಿಮೆಗೆ ಅವಕಾಶವೇ ಇಲ್ಲ. ‘ಸ್ವಲ್ಪ ಎಳೆದರೆ ಕೂರುತ್ತದೆ’ ಎಂಬ ಮಾತು ಕೇಳಿಬಂದ ಅಂಗಡಿಯಿಂದ ಹೊರಗೆ ಬರುವುದೇ ಜಾಣತನ.

ನಾಲ್ಕನೆಯದು ಗಾಲಿಯ ನಡುವಿನ ರಂಧ್ರ. ಬೋಲ್ಟುಗಳು ಹೊಂದಿದ ಮಾತ್ರಕ್ಕೆ ಗಾಲಿ ಹೊಂದಿತೆಂದು ತಿಳಿಯಬಾರದು. ಹೈಲಕ್ಸ್ ಗಾಡಿಯ ನಡುರಂಧ್ರ 106.1 ಮಿಲಿಮೀಟರು. ಮಿತ್ಸುಬಿಷಿ ಪಜೆರೊ ಗಾಡಿಯ ಬೋಲ್ಟುಗಳ ವೃತ್ತವೂ 6 × 139.7; ಆದರೆ ಅದರ ನಡುರಂಧ್ರ 67.1 ಮಿಲಿಮೀಟರು. ಪಜೆರೊದ ಗಾಲಿ ಹೈಲಕ್ಸಿನ ಹಬ್ ಮೇಲೆ ಏರುವುದೇ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ ರಂಧ್ರವು ಹಬ್‌ಗಿಂತ ದೊಡ್ಡದಾಗಿದ್ದರೆ ಗಾಲಿ ಏರುತ್ತದೆ; ಆದರೆ ನಡುವೆ ಸಡಿಲ ಉಳಿಯುತ್ತದೆ. ಅಂತಹಲ್ಲಿ ಸರಿಯಾದ ಅಳತೆಯ ಉಂಗುರವನ್ನು ನಡುವೆ ಕೂರಿಸಿ ಗಾಲಿಯನ್ನು ಮಧ್ಯಕ್ಕೆ ತರಬೇಕು. ಮಧ್ಯ ತಪ್ಪಿದ ಗಾಲಿ ವೇಗ ಹೆಚ್ಚಿದಂತೆ ನಡುಗುತ್ತದೆ. ಆ ನಡುಕ ಸ್ಟಿಯರಿಂಗಿಗೂ ಓಡಿಸುವವನ ಬೆನ್ನಿಗೂ ಏರಿ ದೂರದ ಪ್ರಯಾಣದಲ್ಲಿ ದಣಿವನ್ನು ಹೆಚ್ಚಿಸುತ್ತದೆ.

ಆಫ್‌ಸೆಟ್ ಎಂಬ ಗುಪ್ತ ಲೆಕ್ಕ

ಐದನೆಯ ಅಳತೆಯೇ ಹೆಚ್ಚು ಜನರನ್ನು ಎಡವಿಸುವುದು. ಗಾಲಿಯ ಅಗಲದ ನಟ್ಟನಡುವೆ ಒಂದು ಗೆರೆ ಎಳೆದರೆ, ಹಬ್‌ಗೆ ಒತ್ತಿಕೊಳ್ಳುವ ಮುಖವು ಆ ಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬುದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಆ ಮುಖವು ಗೆರೆಯಿಂದ ಹೊರಕ್ಕಿದ್ದರೆ ಧನ, ಗೆರೆಯ ಮೇಲೆಯೇ ಇದ್ದರೆ ಸೊನ್ನೆ, ಒಳಕ್ಕಿದ್ದರೆ ಋಣ. ಗಾಲಿಯ ಮೇಲೆ ಇದನ್ನು ಇಟಿ ಎಂಬ ಅಕ್ಷರಗಳ ಮುಂದೆ ಅಚ್ಚೊತ್ತಿರುತ್ತಾರೆ. ಧನ ಕಡಮೆಯಾದಷ್ಟೂ ಗಾಲಿ ಗಾಡಿಯ ಹೊರಗೆ ಚಾಚುತ್ತದೆ. ನೋಟಕ್ಕೆ ಗಾಡಿ ಕಾಲು ಅಗಲಿಸಿ ನಿಂತ ಜಟ್ಟಿಯಂತೆ ಕಾಣುತ್ತದೆ. ಅಂಗಡಿಗಳಲ್ಲಿ ಸೊನ್ನೆ ಮತ್ತು ಋಣ ಆಫ್‌ಸೆಟ್ಟಿನ ಗಾಲಿಗಳಿಗೆ ಬೇಡಿಕೆ ಬರುವುದು ಈ ನೋಟದಿಂದಲೇ.

ಇದರ ಬೆಲೆಯನ್ನು ಲೆಕ್ಕ ಹಾಕಿ ನೋಡಬಹುದು. ಹಳೆಯ ಗಾಲಿಯ ಅಗಲ 7.5 ಅಂಗುಲ, ಆಫ್‌ಸೆಟ್ ಧನ 30 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಹೊಸದರ ಅಗಲ 8.5 ಅಂಗುಲ, ಆಫ್‌ಸೆಟ್ ಸೊನ್ನೆ. ಅಗಲ ಒಂದು ಅಂಗುಲ ಹೆಚ್ಚಿದ್ದರಿಂದ ಪ್ರತಿ ಬದಿಗೂ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರು ಬೆಳೆಯಿತು. ಆಫ್‌ಸೆಟ್ ಇಳಿದದ್ದರಿಂದ ಇಡೀ ಗಾಲಿ 30 ಮಿಲಿಮೀಟರು ಹೊರಕ್ಕೆ ಸರಿಯಿತು. ಎರಡನ್ನೂ ಕೂಡಿದರೆ ಹೊರ ಅಂಚು ಮೊದಲಿಗಿಂತ 42.7 ಮಿಲಿಮೀಟರು ಆಚೆಗೆ ಹೋಗುತ್ತದೆ. ಒಳ ಅಂಚು 17.3 ಮಿಲಿಮೀಟರು ಗಾಡಿಯ ಒಳಭಾಗಗಳಿಂದ ದೂರವಾಗುತ್ತದೆ.

ಒಳಗೆ ಜಾಗ ದೊರೆತದ್ದು ಲಾಭವೆಂದು ತೋರುತ್ತದೆ, ನಷ್ಟವು ಹೊರಗಿನದು. ನೀರು ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹೊರುವುದು ಸುಲಭ. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ತೋಳು ಸೋಲುತ್ತದೆ. ಗಾಲಿ ಹೊರಕ್ಕೆ ಚಾಚಿದಂತೆ ಬೇರಿಂಗುಗಳ ಮೇಲೆ ಇದೇ ಬಗೆಯ ಸೆಳೆತ ಬೀಳುತ್ತದೆ, ಅವು ಬೇಗ ಸವೆಯುತ್ತವೆ. ಮುಂದಿನ ಒಂದು ಗಾಲಿ ಹೊಂಡಕ್ಕೆ ಬಿದ್ದಾಗ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡಂತೆ ಒಂದು ಬದಿಗೆ ಎಳೆಯುತ್ತದೆ. ತಿರುವಿನಲ್ಲಿ ಟೈರಿನ ಮೂಲೆ ಮಡ್‌ಗಾರ್ಡಿಗೆ ಉಜ್ಜಬಹುದು. ಮಡ್‌ಗಾರ್ಡಿನಿಂದಾಚೆ ಚಾಚಿದ ಟೈರು ಎರಚುವ ಕಲ್ಲು ಹಿಂದೆ ಬರುವ ಸ್ಕೂಟರ್ ಸವಾರನ ಮುಖಕ್ಕೆ ತಾಗುತ್ತದೆ. ಆದ್ದರಿಂದ ಕಾರ್ಖಾನೆಯ ಆಫ್‌ಸೆಟ್ಟಿಗೆ ಸಾಧ್ಯವಾದಷ್ಟು ಸಮೀಪದ ಗಾಲಿಯನ್ನು ಆರಿಸುವುದೇ ಲೇಸು.

ಭಾರ ಹೊರುವ ಶಕ್ತಿ

ಪಿಕ್‌ಅಪ್ ಗಾಡಿಗೂ ಕಾರಿಗೂ ಇರುವ ದೊಡ್ಡ ಭೇದವು ಹೊರುವ ಭಾರದಲ್ಲಿದೆ. ಜನ, ಸಾಮಾನು ಎಲ್ಲ ಸೇರಿ ಗಾಡಿಯ ತೂಕ 2,900 ಕಿಲೋಗ್ರಾಂ ಎಂದು ಭಾವಿಸೋಣ. ತೊಟ್ಟಿ ತುಂಬಿದಾಗ ಭಾರವು ನಾಲ್ಕು ಗಾಲಿಗಳಿಗೆ ಸಮನಾಗಿ ಹಂಚಿಹೋಗುವುದಿಲ್ಲ. ಹಿಂದಿನ ಅಚ್ಚಿನ ಮೇಲೆಯೇ 1,700 ಕಿಲೋಗ್ರಾಂ ಬಿದ್ದರೆ ಅಲ್ಲಿಯ ಒಂದೊಂದು ಗಾಲಿಯ ಪಾಲು 850. ಇದು ಗಾಡಿ ನಿಂತಿರುವಾಗಿನ ಲೆಕ್ಕ. ಹೊಂಡ ಹಾರಿದಾಗ ಕ್ಷಣಕಾಲ ಇದಕ್ಕಿಂತ ಬಹಳ ಹೆಚ್ಚಿನ ಏಟು ಬೀಳುತ್ತದೆ. ಕಾರಿಗೆಂದು ಎರಕ ಹೊಯ್ದ, 690 ಕಿಲೋಗ್ರಾಂ ಸಾಮರ್ಥ್ಯದ ಗಾಲಿಯು ನೋಡಲು ಎಷ್ಟೇ ದಪ್ಪಗಿದ್ದರೂ ಇಲ್ಲಿ ನಿಷಿದ್ಧ. ಒಂದು ಗಾಲಿಗೆ ಕನಿಷ್ಠ 1,000 ಕಿಲೋಗ್ರಾಮಿನಷ್ಟಾದರೂ ಸಾಮರ್ಥ್ಯವಿರುವುದನ್ನು ಕೇಳಿ ಪಡೆಯಬೇಕು. ಟೈರಿನ ಮೇಲೆಯೂ ಭಾರದ ಸೂಚ್ಯಂಕವಿರುತ್ತದೆ. 112 ಎಂದಿದ್ದರೆ ಆ ಟೈರು 1,120 ಕಿಲೋಗ್ರಾಂ ಹೊರಬಲ್ಲುದೆಂದು ಅರ್ಥ. ಹೊಸ ಟೈರಿನ ಸೂಚ್ಯಂಕ ಹಳೆಯದಕ್ಕಿಂತ ಕಡಮೆಯಾಗಕೂಡದು.

ಗಾಲಿಯ ಒಳಮೈಯಲ್ಲಿ ಕೆಲವು ಮುದ್ರೆಗಳನ್ನೂ ಹುಡುಕಬೇಕು. ಜೆಡಬ್ಲ್ಯುಎಲ್ ಎಂಬುದು ಜಪಾನಿನ ಹಗುರ ಮಿಶ್ರಲೋಹದ ಗಾಲಿಗಳ ಪ್ರಮಾಣ; ಟಿ ಅಕ್ಷರ ಸೇರಿದ ಜೆಡಬ್ಲ್ಯುಎಲ್-ಟಿ ಎಂಬುದು ಟ್ರಕ್ಕು ಬಸ್ಸುಗಳಿಗೆ ಸಂಬಂಧಿಸಿದ್ದು. ವಿಐಎ ಮುದ್ರೆಯಿದ್ದರೆ ಸ್ವತಂತ್ರ ಸಂಸ್ಥೆಯೊಂದು ಪರೀಕ್ಷಿಸಿದೆಯೆಂದು ತಿಳಿಯಬಹುದು. ಹೆಸರಾಂತ ಗಾಲಿಯ ಆಕಾರವನ್ನು ಮಾತ್ರ ನಕಲು ಮಾಡಿದ ಅಗ್ಗದ ಮಾಲು ಪೇಟೆಯಲ್ಲಿ ಧಾರಾಳವಾಗಿದೆ. ಸಾಮರ್ಥ್ಯದ ಅಂಕಿಯೂ ಇಲ್ಲದ, ರಸೀತಿಯೂ ದೊರೆಯದ ಗಾಲಿಯನ್ನು ಉಚಿತವಾಗಿ ಕೊಟ್ಟರೂ ತೆಗೆದುಕೊಳ್ಳಬಾರದು.

ಉಕ್ಕೋ ಮಿಶ್ರಲೋಹವೋ ಎಂಬ ಪ್ರಶ್ನೆಗೆ ಪ್ರಯಾಣದ ಬಗೆಯೇ ಉತ್ತರ. ಉಕ್ಕಿನ ಗಾಲಿ ಭಾರವಾದರೂ ಏಟು ಬಿದ್ದಾಗ ಮೊದಲು ಬಾಗುತ್ತದೆ. ಊರಿನಿಂದ ದೂರದಲ್ಲಿ ಸುತ್ತಿಗೆಯಿಂದ ತಟ್ಟಿ ಹೇಗೋ ಗಾಳಿ ನಿಲ್ಲುವಂತೆ ಮಾಡಿಕೊಂಡು ಊರು ಸೇರಬಹುದು. ಎರಕದ ಅಲ್ಯೂಮಿನಿಯಂ ಗಾಲಿ ಹಗುರ, ಚೆಲುವು. ಆದರೆ ಜೋರಾದ ಏಟಿಗೆ ಬಿರುಕು ಬಿಡಬಹುದು. ಎರಕ ಹೊಯ್ದ ಬಳಿಕ ಅಂಚನ್ನು ಉರುಳೆಗಳಿಂದ ಒತ್ತಿ ಹಿಗ್ಗಿಸಿದ ಗಾಲಿ ಅದಕ್ಕಿಂತ ಗಟ್ಟಿ. ಭಾರಿ ಒತ್ತಡದಲ್ಲಿ ಲೋಹವನ್ನು ಅದುಮಿ ಮಾಡಿದ ಫೋರ್ಜ್ಡ್ ಗಾಲಿ ಎಲ್ಲಕ್ಕಿಂತ ಬಲಿಷ್ಠ. ಬೆಲೆಯಲ್ಲಿಯೂ ಅದೇ ಮೇಲು. ಬಿರುಕು ಬಿಟ್ಟ ಮಿಶ್ರಲೋಹದ ಗಾಲಿಗೆ ಬೆಸುಗೆ ಹಾಕಿಸಿ ಮತ್ತೆ ಹೆದ್ದಾರಿಗೆ ಇಳಿಸುವುದು ಮಾತ್ರ ಸಲ್ಲದು.

ದೊಡ್ಡ ಟೈರಿನ ಬಡ್ಡಿ

ಹೊಸ ಗಾಲಿಯ ಜೊತೆಗೆ ದೊಡ್ಡ ಟೈರಿನ ಆಸೆಯೂ ಬರುತ್ತದೆ. 265/70 ಆರ್ 17 ಟೈರಿನ ವ್ಯಾಸ ಸುಮಾರು 803 ಮಿಲಿಮೀಟರು. ಮೂಲಕ್ಕಿಂತ ನೂರಕ್ಕೆ 3.4ರಷ್ಟು ಹೆಚ್ಚು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಮೊದಲಿಗಿಂತ 2 ಕಿಲೋಮೀಟರು ಹೆಚ್ಚು ವೇಗದಲ್ಲಿರುತ್ತದೆ. ನೆಲದಿಂದ ಗಾಡಿಗೆ ದೊರೆಯುವ ಹೆಚ್ಚಿನ ಎತ್ತರವಾದರೋ 13 ಮಿಲಿಮೀಟರು ಮಾತ್ರ. 285/70 ಆರ್ 17ಕ್ಕೆ ಹೋದರೆ ವ್ಯಾಸ 831 ಮಿಲಿಮೀಟರು. ಹೆಚ್ಚಳ ನೂರಕ್ಕೆ 7. ಆಗ 100 ಎಂದು ತೋರುವಾಗ 107ರ ಲೆಕ್ಕ. ಎತ್ತರದಲ್ಲಿ 27 ಮಿಲಿಮೀಟರು ಲಾಭವಾದರೂ ಟೈರು ಒಳಭಾಗಗಳಿಗೆ ಉಜ್ಜುತ್ತದೆ, ಎಂಜಿನ್ನು ಹೆಚ್ಚು ಎಳೆಯಬೇಕಾಗುತ್ತದೆ, ಭಾರವಾದ ಚಕ್ರವನ್ನು ನಿಲ್ಲಿಸಲು ಬ್ರೇಕು ಹೆಚ್ಚು ದುಡಿಯಬೇಕಾಗುತ್ತದೆ. ಅಸಲಿನ ಮೇಲೆ ಬಡ್ಡಿ ಬೆಳೆದಂತೆ ಒಂದು ಬದಲಾವಣೆ ಮತ್ತೊಂದನ್ನು ಬೇಡುತ್ತಲೇ ಹೋಗುತ್ತದೆ. ಘಾಟಿಯ ಇಳಿಜಾರಿನಲ್ಲಿ ಈ ಬಡ್ಡಿಯನ್ನು ತೀರಿಸುವುದು ಬ್ರೇಕು.

ಜೋಡಣೆ: ಕಡೆಗೀಲಿನ ಕೆಲಸ

ಎತ್ತಿನ ಬಂಡಿಯ ಗಾಲಿ ಅಚ್ಚಿನಿಂದ ಜಾರದಂತೆ ಹಿಡಿಯುವುದು ಒಂದು ಬೆರಳುದ್ದದ ಕಡೆಗೀಲು. ಮೋಟಾರು ವಾಹನದಲ್ಲಿ ಆ ಕೆಲಸ ನಟ್ಟುಗಳದು. ಸಾವಿರಾರು ರೂಪಾಯಿಯ ಗಾಲಿ ಕೊಂಡವರು ನಟ್ಟಿನ ವಿಚಾರದಲ್ಲಿ ಉದಾಸೀನರಾಗುವುದು ಸಾಮಾನ್ಯ. ಅಪಾಯ ಹೊಂಚುಹಾಕುವುದೂ ಅಲ್ಲಿಯೇ.

ನಟ್ಟು ಗಾಲಿಯನ್ನು ಒತ್ತುವ ಮುಖವು ಹಲವು ಆಕಾರಗಳಲ್ಲಿ ಬರುತ್ತದೆ. ಟೊಯೊಟಾದ ಹಲವು ಗಾಡಿಗಳ ಮಿಶ್ರಲೋಹದ ಗಾಲಿಗಳಿಗೆ ಚಪ್ಪಟೆ ವಾಷರ್ ಕೂಡಿದ ನಟ್ಟು ಇರುತ್ತದೆ. ಪೇಟೆಯಲ್ಲಿ ದೊರೆಯುವ ಹೊಸ ಗಾಲಿಗಳಿಗೆ ಬಹುಮಟ್ಟಿಗೆ 60 ಡಿಗ್ರಿ ಕೋನದ ಶಂಕುವಿನಾಕಾರದ ನಟ್ಟು ಬೇಕು. ಹಳೆಯ ಚಪ್ಪಟೆ ನಟ್ಟನ್ನು ಶಂಕುವಿನ ರಂಧ್ರಕ್ಕೆ ಹಾಕಿ ಬಿಗಿದರೆ ಬಿಗಿಯಾದಂತೆ ತೋರುತ್ತದೆ. ನಿಜವಾಗಿ ಅಂಚು ಮಾತ್ರ ತಾಗಿರುತ್ತದೆ. ಕೆಲವು ನೂರು ಕಿಲೋಮೀಟರಿನ ಓಟದಲ್ಲಿ ಅದು ಸಡಿಲಗೊಳ್ಳುತ್ತದೆ. ಹೊಸ ಗಾಲಿಯೊಡನೆ ಅದಕ್ಕೆ ತಕ್ಕ ನಟ್ಟುಗಳನ್ನೂ ಕೊಳ್ಳುವುದು ಐಚ್ಛಿಕವಲ್ಲ, ಕಡ್ಡಾಯ. ಬೋಲ್ಟಿನ ದಪ್ಪದಷ್ಟಾದರೂ ಉದ್ದಕ್ಕೆ ಸುರುಳಿ ಹಿಡಿಯಬೇಕೆಂಬುದು ನಿಯಮ. 12 ಮಿಲಿಮೀಟರು ದಪ್ಪದ, 1.5 ಮಿಲಿಮೀಟರು ಅಂತರದ ಸುರುಳಿಯ ಬೋಲ್ಟಿಗೆ ನಟ್ಟು ಕನಿಷ್ಠ 8 ಸುತ್ತು ತಿರುಗಬೇಕು. ಇದನ್ನು ಕೈಯಿಂದಲೇ ಎಣಿಸಬಹುದು.

ಗಾಲಿ ಮತ್ತು ಹಬ್ ಒಂದನ್ನೊಂದು ಮುಟ್ಟುವ ಮುಖಗಳಿಂದ ತುಕ್ಕು, ಮಣ್ಣುಗಳನ್ನು ಉಜ್ಜಿ ತೆಗೆಯಬೇಕು. ಬೋಲ್ಟಿನ ಸುರುಳಿಗೆ ಎಣ್ಣೆ ಹಚ್ಚಬಾರದು. ಬಿಗಿತದ ಅಂಕಿಯನ್ನು ಸಾಮಾನ್ಯವಾಗಿ ಒಣ ಸುರುಳಿಗೆಂದೇ ಕೊಟ್ಟಿರುತ್ತಾರೆ. ಆರು ನಟ್ಟುಗಳನ್ನೂ ಮೊದಲು ಕೈಯಿಂದ ಕೂರಿಸಿ, ಅನಂತರ ಒಂದರ ಎದುರಿನದನ್ನು ಇನ್ನೊಂದಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ವರ್ತುಲದಲ್ಲಿ ಒಂದೇ ಸಮನೆ ಬಿಗಿಯುತ್ತ ಹೋದರೆ ಗಾಲಿ ಓರೆಯಾಗಿ ಕೂರುತ್ತದೆ. ಕೊನೆಯ ಬಿಗಿತವನ್ನು ಏರ್ ಗನ್ನಿಗೆ ಬಿಡದೆ, ಟಾರ್ಕ್ ಸ್ಪ್ಯಾನರಿನಿಂದ ಗಾಡಿಯ ಕೈಪಿಡಿಯಲ್ಲಿಯೂ ಗಾಲಿಯ ತಯಾರಕರ ಸೂಚನೆಯಲ್ಲಿಯೂ ಹೇಳಿದ ಅಂಕಿಗೆ ತರಬೇಕು. 100 ನ್ಯೂಟನ್-ಮೀಟರ್ ಎಂದರೆ ಒಂದು ಮೀಟರು ಉದ್ದದ ಹಿಡಿಯ ತುದಿಗೆ ಸುಮಾರು 10 ಕಿಲೋಗ್ರಾಂ ತೂಕ ನೇತುಹಾಕಿದಷ್ಟು ಬಲ. ಹೆಚ್ಚು ಬಿಗಿದರೆ ಬೋಲ್ಟು ಹಿಗ್ಗಿ ಸೋಲುತ್ತದೆ, ಕಡಮೆ ಬಿಗಿದರೆ ನಟ್ಟು ಸಡಿಲುತ್ತದೆ. ಸುಮಾರು 100 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿತವನ್ನು ನೋಡಲೇಬೇಕು. ಆ ನಡುವೆ ಗಾಡಿ ನಡುಗಿದರೆ, ಇಲ್ಲವೆ ಗಾಲಿಯ ಕಡೆಯಿಂದ ಟಕಟಕ ಸದ್ದು ಕೇಳಿದರೆ ತಕ್ಷಣವೇ ನಿಲ್ಲಿಸಿ ನೋಡಬೇಕು. ಮನೆಗೆ ಹೋಗಿ ನೋಡಿದರಾಯಿತು ಎನ್ನಬಾರದು.

ಗಾಲಿಯನ್ನು ಹೊರಕ್ಕೆ ತಳ್ಳಲು ನಡುವೆ ಲೋಹದ ಬಿಲ್ಲೆ ಇಡುವ ಅಡ್ಡದಾರಿಯೊಂದಿದೆ; ಇದನ್ನು ಸ್ಪೇಸರ್ ಎನ್ನುತ್ತಾರೆ. ಅದು ಆಫ್‌ಸೆಟ್ಟಿನ ದೋಷಗಳನ್ನೆಲ್ಲ ತರುವುದಲ್ಲದೆ ನಟ್ಟಿಗೆ ದೊರೆಯುವ ಸುರುಳಿಯನ್ನೂ ಕಡಮೆ ಮಾಡಬಹುದು. ಟೈರಿನ ಅಂಚನ್ನು ಬೋಲ್ಟುಗಳಿಂದ ಅದುಮಿ ಹಿಡಿಯುವ ಬೀಡ್‌ಲಾಕ್ ಗಾಲಿ ಇನ್ನೊಂದು. ಅತಿ ಕಡಮೆ ಗಾಳಿಯಲ್ಲಿ ಮರಳನ್ನು ದಾಟುವ ಸ್ಪರ್ಧೆಗಳಿಗೆ ಅದು ಉಪಯುಕ್ತ. ಆ ಬೋಲ್ಟುಗಳನ್ನೆಲ್ಲ ಮತ್ತೆ ಮತ್ತೆ ಪರೀಕ್ಷಿಸುತ್ತಿರಬೇಕಾದ್ದರಿಂದ ಸಂಸಾರದ ಗಾಡಿಗೆ ಹೇಳಿಸಿದ್ದಲ್ಲ.

ಕಾನೂನು, ವಿಮೆ, ಸಾಲ

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷ ಕಾಯಿದೆಗೆ ಸೇರಿದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಒಡೆಯನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ ವಿಧಿಸಬಹುದು. ಆದಕಾರಣ ತಯಾರಕರು ಅದೇ ಮಾದರಿಗೆ ಒಪ್ಪಿದ ಅಳತೆಗಳೊಳಗೆ ಉಳಿಯುವುದು, ಸಂದೇಹವಿದ್ದರೆ ಹಣ ಕೊಡುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ವಿಮೆಯ ವಿಷಯದಲ್ಲಿ ಮೌನವು ದುಬಾರಿಯಾಗುತ್ತದೆ. ಹೊಸ ಗಾಲಿಗಳನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಅಗತ್ಯವಾದ ಹೆಚ್ಚಿನ ಪ್ರೀಮಿಯಂ ಕಟ್ಟಿ, ಪಾಲಿಸಿಯಲ್ಲಿ ನಮೂದಿಸಿಕೊಳ್ಳಬೇಕು. ತಿಳಿಸದಿದ್ದರೆ ಅಪಘಾತವಾದಾಗ ಪರಿಹಾರವು ತಕರಾರಿಗೆ ಸಿಲುಕಬಹುದು. ಸಾಲದಲ್ಲಿ ಕೊಂಡ ಗಾಡಿಯಾದರೆ ಅದು ಸಾಲ ತೀರುವವರೆಗೂ ಬ್ಯಾಂಕಿಗೆ ಅಡಮಾನವಾಗಿರುತ್ತದೆ. ಒಪ್ಪಂದದ ಕರಾರುಗಳನ್ನು ಓದಿ, ಬ್ಯಾಂಕಿಗೂ ತಿಳಿಸುವುದು ಒಳಿತು.

ಖರ್ಚಿನ ಪಟ್ಟಿಯಲ್ಲಿ ನಾಲ್ಕು ಗಾಲಿಗಳನ್ನಲ್ಲ, ಐದನ್ನು ಬರೆಯಬೇಕು. ಬೇರೆ ವ್ಯಾಸದ ಸ್ಟೆಪ್ನಿ ನಿರ್ಜನ ದಾರಿಯಲ್ಲಿ ಕೈಕೊಡುತ್ತದೆ. ನಾಲ್ಕೂ ಗಾಲಿಗಳಿಗೆ ಶಕ್ತಿ ಹರಿಯುವಾಗ ಗೇರುಗಳ ಮೇಲೆಯೂ ಒತ್ತಡ ತರುತ್ತದೆ. ನಟ್ಟು, ನಡು ಉಂಗುರ, ಸಮತೋಲನ, ಅಲೈನ್‌ಮೆಂಟ್, ಹೆಚ್ಚಿನ ಪ್ರೀಮಿಯಂ ಇವೆಲ್ಲ ಸೇರಿದ ಮೊತ್ತವೇ ನಿಜವಾದ ಬೆಲೆ. ಕಾರ್ಖಾನೆಯ ಹಳೆಯ ಗಾಲಿಗಳನ್ನು ಮಾರದೆ ಜೋಪಾನವಾಗಿಡಬೇಕು. ಗಾಡಿ ಮಾರುವಾಗ ಅವುಗಳಿಗೆ ಬೆಲೆಯುಂಟು.

ಅಂಗಡಿಗೆ ಹೋಗುವಾಗ ವ್ಯಾಸ, ಅಗಲ, ಬೋಲ್ಟುಗಳ ವೃತ್ತ, ನಡುರಂಧ್ರ, ಆಫ್‌ಸೆಟ್, ಭಾರದ ಸಾಮರ್ಥ್ಯ, ನಟ್ಟಿನ ಆಕಾರ ಎಂಬ ಏಳು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು. ಏಳಕ್ಕೂ ಉತ್ತರ ಕೊಡಬಲ್ಲ ಗಾಲಿಗಳಲ್ಲಿ ಯಾವುದು ಚೆಲುವೋ ಅದನ್ನು ಸಂತೋಷದಿಂದ ಆರಿಸಬಹುದು. ಒಂದಕ್ಕೆ ಉತ್ತರವಿಲ್ಲದಿದ್ದರೂ ಆ ಗಾಲಿಯನ್ನು ಗಾಜಿನ ಹಿಂದೆಯೇ ಬಿಟ್ಟುಬರುವುದು ಮೇಲು. ಬೆಟ್ಟದ ದಾರಿ ಎಲ್ಲಿಗೂ ಓಡಿಹೋಗುವುದಿಲ್ಲ. ಸರಿಯಾದ ಗಾಲಿ ದೊರೆತ ದಿನ ನಿಶ್ಚಿಂತೆಯಿಂದ ಅದನ್ನು ಹತ್ತಬಹುದು, ಹತ್ತಿದಷ್ಟೇ ನಿಶ್ಚಿಂತೆಯಿಂದ ಇಳಿದು ಮನೆ ಸೇರಬಹುದು.